ಬಿಸಿಲು ಬರೆದ ಹಲಗೆ

ಸ್ನೇಹಿತರೇ, ನನ್ನ ಅಕ್ಷರ ಓರೆಕೋರೆ, ತಪ್ಪುಗಳೂ ಇರಬಹುದು, ಕ್ಷಮಿಸಿ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು.

ಇವತ್ತು ಬೆಳಿಗ್ಗೆ ಬಂಟ್ವಾಳದ ದೋಣಿಕಡವಿನ ಹಲಗೆಯಲ್ಲಿ, ರೇಡಿಯೋದಲ್ಲಿ ಕೇಳಿದಂತೆ, 'ಕರಾವಳಿಯಲ್ಲಿ ಈ ವಾರ ಬಿಸಿಲು' ಎಂದು ಬರೆಯುತ್ತಿದ್ದೆ. ಹೋದ ವರ್ಷ ದೋಣಿಯೊಂದಿಗೆ ಹೊಳೆಪಾಲಾದ ಬಾಬಣ್ಣನ ಹೆಂಡತಿ ಲೀಲಕ್ಕ ಹಿಂದೆ ಬಂದು ನಿಂತರು.

"ಏನು ಬರೆದದ್ದು ತಮ್ಮಾ?"

ಓದಿ ಹೇಳಿದೆ.

"ಘಟ್ಟದಲ್ಲಿ ಮಳೆ ಉಂಟಾ?"

"ಅದು ರೇಡಿಯೋದಲ್ಲಿ ಹೇಳಲಿಲ್ಲ ಅಕ್ಕಾ."

"ಅವತ್ತೂ ಹೇಳಿರಲಿಲ್ಲ. ನಿನ್ನ ಹಲಗೆ ನೋಡಿಯೇ ಅವರು ದೋಣಿ ಬಿಟ್ಟದ್ದು. ಇಲ್ಲಿ ಬಿಸಿಲೇ ಇತ್ತು."

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಘಟ್ಟದಲ್ಲಿ ಸುರಿದ ಮಳೆ ಇಲ್ಲಿಗೆ ಕೆಂಪು ನೀರಾಗಿ ಒಮ್ಮೆಲೇ ಬರುತ್ತದೆಂದು ಇಲ್ಲಿನ ಮಕ್ಕಳಿಗೂ ಗೊತ್ತು. ಬರೆಯುವಾಗ ನನಗೆ ಮಾತ್ರ ಹೊಳೆಗಿಂತ ರೇಡಿಯೋ ದೊಡ್ಡದಾಯಿತು.

ಅವರು ಹೋದ ಮೇಲೆ ಕೆಳಗೆ ಒಂದು ಸಾಲು ಸೇರಿಸಿದೆ: 'ನೀರು ಕೆಂಪಾದರೆ ಈ ಹಲಗೆಯನ್ನು ನಂಬಬೇಡಿ.'