ನಾಲ್ಕು ತಲೆಮಾರು, ಮೂರು ಭಾಗ

ಮೊನ್ನೆ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಪಕ್ಕದ ಮನೆಯಾಕೆ ಇಟ್ಟಿಗೆಯಂಥ ಕಾದಂಬರಿಯೊಂದನ್ನು ಎದೆಗವಚಿಕೊಂಡು ನಿಂತಿದ್ದರು. "ನಾಲ್ಕು ತಲೆಮಾರಿನ ಕಥೆ ಕಣ್ರೀ, ಕೆಳಗಿಡೋಕೇ ಆಗಲ್ಲ" ಎಂದರು. ಅಷ್ಟು ಭಾರದ್ದನ್ನು ಕೆಳಗಿಡದೆ ಹೇಗಿರುತ್ತಾರೋ ನನಗಂತೂ ತಿಳಿಯದು.

ಈ ಜಾತಿಯ ಪುಸ್ತಕಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಮೊದಲ ಪುಟದಲ್ಲೇ ಒಂದು ವಂಶವೃಕ್ಷ. ಒಬ್ಬ ಸಿಡುಕು ಮುತ್ತಜ್ಜ, ಬಾಯಿಬಿಡದ ಮುತ್ತಜ್ಜಿ, ಹಾಳಾಗಿ ಹೋಗಲೆಂದೇ ಹುಟ್ಟಿದ ಒಬ್ಬ ಮಗ. ತಾತನ ಹೆಸರೇ ಮೊಮ್ಮಗನಿಗೂ, ಯಾರು ಯಾರೆಂದು ನೀವೇ ಹುಡುಕಿಕೊಳ್ಳಬೇಕು. ನಮ್ಮ ನಿಮ್ಮ ಮನೆಯಲ್ಲಿ ನಡೆಯುವುದೂ ಇದೇ ಅಲ್ಲವೇ ಸ್ವಾಮಿ? ಅದನ್ನು ಪುಕ್ಕಟೆ ನೋಡಲು ಬೇಸರಪಡುವವರು ದುಡ್ಡು ಕೊಟ್ಟು ಓದಿ ಅಳುತ್ತಾರೆ.

ಅಳುವವರನ್ನು ನಾನು ಹತ್ತಿರದಿಂದಲೇ ಬಲ್ಲೆ. ನಾನು ಕಾಲೇಜಿಗೆ ಹೋಗುವಾಗ ನಾವು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿದ್ದೆವು. ಅಪ್ಪ, ಚಿಕ್ಕಪ್ಪ ಒಂದೇ ಕಾರ್ಖಾನೆ, ಮನೆಗಳು ಎದುರುಬದುರು. ಅಜ್ಜಿ ತೀರಿಕೊಂಡ ಮೇಲೆ ಅವರ ಚಿನ್ನದ ಅವಲಕ್ಕಿ ಸರ ಯಾರ ಕೊರಳಿಗೆ ಎಂಬ ವಿಚಾರಕ್ಕೆ ಅಮ್ಮನಿಗೂ ಚಿಕ್ಕಮ್ಮನಿಗೂ ಮಾತು ನಿಂತಿತ್ತು. ಗಂಡಂದಿರು ಒಂದೇ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವರು. ಇವರು ಎದುರಾದರೆ ಒಬ್ಬರು ಆಕಾಶ ನೋಡುವರು, ಇನ್ನೊಬ್ಬರು ಚಪ್ಪಲಿ. ಸಾಯುವವರೆಗೂ ಹೀಗೇ ಇದ್ದುಬಿಡುತ್ತಾರೇನೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು.

ಅಲ್ಲಿನ ಮಹಿಳಾ ಸಮಾಜದವರಿಗೆ ಒಂದು ಪದ್ಧತಿಯಿತ್ತು. ದಪ್ಪ ಕಾದಂಬರಿ ಬಂದರೆ ಅದನ್ನು ನಾಲ್ಕು ತುಂಡು ಮಾಡಿಸಿ, ರಟ್ಟು ಹಾಕಿಸಿ ನಾಲ್ಕು ಮನೆಗೆ ಹಂಚುವುದು. ಓದಿದ ಮೇಲೆ ಅದಲುಬದಲು. ಹಾಗಾಗಿ ಕೆಲವರಿಗೆ ಮೊಮ್ಮಗನ ಮದುವೆಯಾದ ಮೇಲೆ ತಾತ ಹುಟ್ಟುತ್ತಿದ್ದ. ಕಥೆಗೆ ಅದರಿಂದ ಏನೂ ನಷ್ಟವಾದಂತೆ ಕಾಣಲಿಲ್ಲ.

ಒಮ್ಮೆ ಅಮ್ಮ ಎರಡನೇ ಭಾಗ ಮುಗಿಸಿದಳು. ಸೊಸೆ ಮಗುವನ್ನೆತ್ತಿಕೊಂಡು ಮನೆ ಬಿಟ್ಟು ಹೊರಟಿದ್ದಾಳೆ, ಅಲ್ಲಿಗೆ ತುಂಡು. ಮೂರನೆಯದು ಚಿಕ್ಕಮ್ಮನ ಬಳಿ. ಚಡಪಡಿಸಿ ಚಡಪಡಿಸಿ ಕೊನೆಗೆ ಅಮ್ಮ ಸೆರಗು ಸರಿಮಾಡಿಕೊಂಡು ಎದುರುಮನೆಯ ಬಾಗಿಲು ತಟ್ಟಿದಳು.

"ಅವಳು ವಾಪಸ್ ಬರ್ತಾಳಾ?" ಅಷ್ಟು ಕಾಲದ ಮೇಲೆ ವಾರಗಿತ್ತಿಯೊಡನೆ ಆಡಿದ ಮೊದಲ ಮಾತು ಇದು.

"ಬರ್ತಾಳೆ ಅಕ್ಕ. ಅಷ್ಟೊತ್ತಿಗೆ ಅತ್ತೆ ಹೋಗ್ಬಿಟ್ಟಿರ್ತಾರೆ. ಒಳಗೆ ಬನ್ನಿ" ಎಂದರು ಚಿಕ್ಕಮ್ಮ.

ಇಬ್ಬರೂ ಕೂತು ಕಾಗದದ ಅತ್ತೆಗಾಗಿ ಗೊಳೋ ಎಂದು ಅತ್ತರು. ಸ್ವಂತ ಅತ್ತೆ ಹೋದಾಗ ಬೀರುವಿನ ಬೀಗದ ಕೈ ಹುಡುಕಿದ ಹೆಂಗಸರು! ನನಗೆ ಮೈಯೆಲ್ಲ ಉರಿಯಿತು.

ನಾಲ್ಕನೇ ಭಾಗ ಬರಲೇ ಇಲ್ಲ. ವಿಆರ್‌ಎಸ್ ತೆಗೆದುಕೊಂಡು ಊರಿಗೆ ಹೊರಟವರ ಸಾಮಾನಿನ ಜೊತೆ ಅದು ಲಾರಿ ಹತ್ತಿತ್ತು. ಕಥೆಯ ಅಣ್ಣತಮ್ಮಂದಿರು ಒಂದಾಗುತ್ತಾರೆ ಎಂದು ಚಿಕ್ಕಮ್ಮ, ಸಾಧ್ಯವೇ ಇಲ್ಲ ಎಂದು ಅಮ್ಮ. ಸಂಜೆಯಾದರೆ ಕಾಫಿ ಮತ್ತು ಇದೇ ವಾದ. ಈಗ ಇಬ್ಬರೂ ಪೀಣ್ಯದ ಹತ್ತಿರ ಪಕ್ಕಪಕ್ಕದ ಬೀದಿಗಳಲ್ಲಿದ್ದಾರೆ. ವಾದವಿನ್ನೂ ಮುಗಿದಿಲ್ಲ.

ಲಿಫ್ಟಿನಿಂದ ಇಳಿದವನು ಅಮ್ಮನಿಗೆ ಫೋನ್ ಮಾಡಿದೆ. "ಆ ಹಳೇ ಕಾದಂಬರಿ ಇಡೀದು ಸಿಗುತ್ತೆ, ತರಿಸ್ಲಾ? ನಿಮ್ಮಿಬ್ಬರ ಜಗಳ ಒಂದ್ಸಲ ಮುಗಿದುಹೋಗ್ಲಿ."

ಅಮ್ಮ ತಟ್ಟನೆ ಅಂದಳು, "ಬೇಡ ಕಣೋ. ಕೊನೆ ಗೊತ್ತಾಗ್ಬಿಟ್ರೆ ದಿನಾ ಸಂಜೆ ಅವಳ ಮನೆಗೆ ಏನಂತ ಹೋಗ್ಲಿ?"

ಕೊಂಕು ನುಡಿಯಲು ಬಾಯಿ ತೆರೆದವನು, "ಆಯ್ತಮ್ಮ, ತರಿಸಲ್ಲ ಬಿಡು" ಎಂದೆ.