ಕೊಸರಿಗೆ ಕೊಟ್ಟ ಕನ್ನಡಕ

ಒಂದು ಬಲಗಣ್ಣು. ನಾನು ಮಾಡಿದ ಒಂದು ವ್ಯಾಪಾರದ ಬೆಲೆ ಅದು — ತೆತ್ತವನು ನಾನಲ್ಲ. ತೆತ್ತವಳು ಶಿರಾದ ನಸೀಮಾ, ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವಳು. ಅವಳ ಅಜಾಗ್ರತೆಯಿಂದಲೇ ಕಣ್ಣು ಹೋಯಿತು ಎಂದು ಊರು ನಂಬಿತು. ಕಾಲೇಜಿನ ವರದಿಯಲ್ಲೂ ಹಾಗೇ ಬರೆದರು. ಅದು ಸುಳ್ಳು. ಅವಳು ಕನ್ನಡಕ ಹಾಕಿಕೊಂಡಿದ್ದಳು. ಆ ಕನ್ನಡಕ ಕೊಟ್ಟವನು ನಾನು. ಅದರ ಮೇಲಿದ್ದ ನಂಬರನ್ನು ಉಜ್ಜಿ ಅಳಿಸಿದವನು ನಾನು. ಅಪಘಾತವಾದ ಮೇಲೆ ಅದನ್ನು ಜೇಬಿಗೆ ಇಳಿಸಿಕೊಂಡವನೂ ನಾನೇ. ಒಂಬತ್ತು ವರ್ಷ ಬಾಯಿ ಬಿಡಲಿಲ್ಲ.

ಯಾಕೆ ಹೀಗಾಯಿತು ಅಂದರೆ — ಕೊಸರಿಗಾಗಿ. ನಗಬೇಡಿ. ನಮ್ಮ ಕಡೆ ಯಾವ ವ್ಯಾಪಾರವೂ ಕೊಸರಿಲ್ಲದೆ ಮುಗಿಯುವುದಿಲ್ಲ. ಸೊಪ್ಪು ಕೊಂಡರೆ ಮೇಲೆ ನಾಲ್ಕು ಹಸಿಮೆಣಸಿನಕಾಯಿ, ಮೋಟರು ಕೊಂಡರೆ ಮೇಲೊಂದು ಮೊಳ ವೈರು. ಕೊಡುವವನಿಗೆ ಅದು ಲೆಕ್ಕಕ್ಕಿಲ್ಲ, ತೆಗೆದುಕೊಂಡವರು ಗೆದ್ದೆವು ಅಂದುಕೊಂಡು ಹೋಗುತ್ತಾರೆ. ಲೆಕ್ಕಕ್ಕಿಲ್ಲದ್ದು ಅಂದೆನಲ್ಲ — ನನ್ನ ತಪ್ಪು ಅಲ್ಲೇ ಇದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಧುಗಿರಿಯಲ್ಲಿ ಹಳೆಯ ಯಂತ್ರಗಳ ಅಂಗಡಿ ಇಟ್ಟಿದ್ದೇನೆ. ಬೆಂಗಳೂರಿನ ಕಾರ್ಖಾನೆಗಳು ಹರಾಜಿಗೆ ಹಾಕಿದ್ದನ್ನು ಕೊಂಡು ತಂದು, ಒರೆಸಿ, ಎಣ್ಣೆ ಬಿಟ್ಟು, ಓಡುವ ಹಾಗೆ ಮಾಡಿ ಮಾರುತ್ತೇನೆ. ಯಾರ ಕೈಕಾಲೂ ಹಿಡಿಯದೆ ಮೇಲೆ ಬಂದವನು ಎಂಬ ಹೆಮ್ಮೆ ನನಗಿತ್ತು. ಎದುರಿಗೆ ಬಂದವರ ಮುಖ ನೋಡಿದರೆ ಎಷ್ಟಕ್ಕೆ ಇಳಿಯುತ್ತಾರೆ ಅನ್ನುವುದು ತಿಳಿಯುತ್ತಿತ್ತು. ಅಂಥ ಅಂಗಡಿಗೆ ಒಂದು ದಿನ ಬೆಳಿಗ್ಗೆ ನಸೀಮಾ ಬಂದಳು, ಜೊತೆಗೆ ಅವಳ ಅಪ್ಪ ಖಾದರ್ ಸಾಬರು.

ಖಾದರ್ ಸಾಬರನ್ನು ನಾನು ಮೊದಲೇ ಬಲ್ಲೆ. ಶಿರಾ ಹೊರವಲಯದ ರಸ್ತೆ ಬದಿಯಲ್ಲಿ ಕುಲುಮೆ ಇಟ್ಟುಕೊಂಡು ಕಲ್ಲು ಒಡೆಯುವವರ ಉಳಿ ಚೂಪು ಮಾಡಿಕೊಡುತ್ತಿದ್ದರು. ನಮ್ಮ ಸೀಮೆಯ ಕಲ್ಲು ಗೊತ್ತಲ್ಲ — ಬೆಳಿಗ್ಗೆ ಚೂಪಾಗಿದ್ದ ಉಳಿ ಮಧ್ಯಾಹ್ನಕ್ಕೆ ಮೊಂಡು. ಮತ್ತೆ ಕೆಂಪಗೆ ಕಾಯಿಸಬೇಕು, ತಟ್ಟಬೇಕು, ನೀರಿಗದ್ದಿ ಹದ ಕೊಡಬೇಕು. ಆ ಕುಲುಮೆಯ ಪಕ್ಕದಲ್ಲೇ ಕೂತು ಓದಿ ಮೇಲೆ ಬಂದ ಮಗಳು ಇವಳು. ಉಳಿಯ ಮೊನೆ ಬೇಗ ಸವೆಯದಂತೆ ಲೇಸರ್ ಬೆಳಕಿನಿಂದ ಗಟ್ಟಿ ಮಾಡುವುದು ಹೇಗೆ — ಇದೇ ಅವಳ ಸಂಶೋಧನೆ.

ಬೆಂಗಳೂರಿನಲ್ಲಿ ಮುಚ್ಚಿಹೋದ ಒಂದು ಪ್ರಯೋಗಾಲಯದ ಲೇಸರ್ ಯಂತ್ರ ನನ್ನ ಬಳಿ ಬಿದ್ದಿತ್ತು. ಅದು ಏನು ಮಾಡುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ, ಅವಳೇ ಹೇಳಿದಳು. ಉಳಿಯ ಮೊನೆಗೆ ಕಪ್ಪು ಬಣ್ಣ ಬಳಿದು, ಮೇಲೆ ತೆಳ್ಳಗೆ ನೀರು ಹರಿಸಬೇಕು. ಲೇಸರಿನ ಮಿಡಿತ ಬಿದ್ದ ಕ್ಷಣ ಆ ಬಣ್ಣ ಉರಿದು ಪ್ಲಾಸ್ಮಾ ಆಗುತ್ತದೆ — ಅನಿಲಕ್ಕೂ ಮೀರಿ ಕಾದ ಸ್ಥಿತಿ. ಹಿಗ್ಗಲು ನೋಡುತ್ತದೆ, ಮೇಲಿನ ನೀರು ಬಿಡುವುದಿಲ್ಲ, ಹಾಗಾಗಿ ತಿರುಗಿ ಉಕ್ಕಿನೊಳಕ್ಕೇ ಹೊಡೆಯುತ್ತದೆ.

"ನಮ್ಮ ಅಬ್ಬಾ ಸುತ್ತಿಗೇಲಿ ಮಾಡೋದನ್ನ ನಾನು ಬೆಳಕಲ್ಲಿ ಮಾಡ್ತೀನಿ ಗಂಗಣ್ಣ, ಅಷ್ಟೇ," ಅಂದಳು.

ಖಾದರ್ ಸಾಬರು ನಕ್ಕರು. "ನೋಡಿ ಯಜಮಾನ್ರೇ, ನನ್ ಹೊಟ್ಟೆ ಮ್ಯಾಲೆ ಹೊಡಿಯಾಕೆ ನಾನೇ ಓದುಸ್ಬುಟ್ಟೆ. ಉಳಿ ಸವೀದೆ ಇದ್ರೆ ನನ್ ಕುಲುಮೆಗೆ ಯಾರ್ ಬತ್ತಾರೆ?"

ಯಂತ್ರದ ರೇಟು ಕುದುರಿತು. ಅವಳು ಎದ್ದು ನಿಂತು, ಕೊಸರು ಕೇಳುವ ನಗುವಿನಲ್ಲೇ ಕೇಳಿದಳು: "ಇದರ ಜೊತೆ ಕನ್ನಡಕ ಬರಬೇಕಲ್ಲ ಅಣ್ಣಾ? ಸಾವಿರದ ಅರವತ್ತನಾಲ್ಕು ನಂಬರಿಂದು. ಕಾಲೇಜಿಂದ ಬರೆದು ಹಾಕಿದೀನಿ, ಅದು ಯಾವ ಕಾಲಕ್ಕೆ ಬರತ್ತೋ. ಈ ಬೆಳಕು ಕಣ್ಣಿಗೆ ಕಾಣಲ್ಲ, ಕನ್ನಡಕ ಇಲ್ದೆ ಮುಟ್ಟೋ ಹಾಗಿಲ್ಲ."

ಇದರ ಜೊತೆ ಬಂದಿರಲಿಲ್ಲ. ಆದರೆ ಒಳಗೆ ಒಂದಿತ್ತು — ಅಂಗಡಿ ಬೋರ್ಡು ಕತ್ತರಿಸುವ ಬೇರೊಂದು ಲೇಸರಿನ ಜೊತೆ ಬಂದದ್ದು. ತೆಗೆದು ನೋಡಿದೆ. ಹತ್ತು ಸಾವಿರದ ಆರುನೂರು ಎಂದಿತ್ತು. ನನ್ನ ತಲೆಯ ಲೆಕ್ಕ ಹೇಳುತ್ತೇನೆ ಕೇಳಿ: ಅವಳಿಗೆ ಬೇಕಾದದ್ದು ಸಾವಿರದ ಚಿಲ್ಲರೆ, ಇದು ಹತ್ತು ಸಾವಿರದ ಮೇಲೆ. ಹತ್ತು ಟನ್ ಹೊರುವ ಲಾರಿ ಒಂದು ಟನ್ ಹೊರದೇ? ದೊಡ್ಡದನ್ನು ತಡೆಯುವುದು ಚಿಕ್ಕದನ್ನು ತಡೆಯದೇ?

ಅದು ತಡೆಯುವ ಶಕ್ತಿಯ ಲೆಕ್ಕವಲ್ಲ, ಬೆಳಕಿನ ತರಂಗಾಂತರದ ಲೆಕ್ಕ. ಇಪ್ಪತ್ತನಾಲ್ಕರ ಸ್ಪ್ಯಾನರು ಹತ್ತರ ನಟ್ಟಿಗೆ ಹಿಡಿಯುತ್ತದೆಯೇ? ಜೀವಮಾನವೆಲ್ಲ ಸ್ಪ್ಯಾನರು ಮಾರಿದವನು ನಾನು. ನನಗೆ ಹೊಳೆಯಬೇಕಿತ್ತು —

ಇಲ್ಲ, ಅದರ ಹಿಂದೆ ಅಡಗಿಕೊಳ್ಳುವುದಿಲ್ಲ. ತಿಳಿಯದೆ ಕೊಟ್ಟೆ ಎಂದರೆ ಅರ್ಧ ಮಾತ್ರ ನಿಜ. ನಂಬರು ನೋಡಿದರೆ ಅವಳು ಬೇಡ ಅನ್ನುತ್ತಾಳೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಒಳಗೆ ನಿಂತು ಉಪ್ಪುಕಾಗದದಲ್ಲಿ ಆ ಅಂಕಿಗಳನ್ನು ಉಜ್ಜಿದೆ. ಗೊತ್ತಿಲ್ಲದವನು ಉಜ್ಜುವುದಿಲ್ಲ.

"ನಂಬರೇ ಇಲ್ವಲ್ಲ ಅಣ್ಣಾ? ಬಣ್ಣಾನೂ ಇಲ್ಲ, ಬೆಳ್ಳಗೈತೆ," ಅಂದಳು, ಕನ್ನಡಕವನ್ನು ಬಿಸಿಲಿಗೆ ಹಿಡಿದು.

"ಈಚೆ ಮಾಡೆಲ್ಲು ಹಿಂಗೇ ಕಣಮ್ಮ. ಈ ಮೆಷಿನ್ ಜೊತೇಲೇ ಬಂದದ್ದು. ಬಳಸಿ ಬಳಸಿ ನಂಬರ್ ಅಳಿಸ್ಹೋಗೈತೆ."

"ಬೆಳಕು ಅಳೆಯೋ ನಮ್ಮ ಮೀಟರು ರಿಪೇರಿಗೆ ಹೋಗೈತೆ. ಬಂದ ಮೇಲೆ ಒಂದ್ಸಲ ಇಟ್ಟು ಅಳೆದು ನೋಡ್ತೀನಿ."

ಆಗ ನಾನು ಆಡಿದ ಮಾತು — ಎಷ್ಟೋ ಸಾವಿರ ಸಲ, ಎಷ್ಟೋ ಗಿರಾಕಿಗಳಿಗೆ ಆಡಿದ್ದ ಅದೇ ಮಾತು: "ನಮ್ ಮ್ಯಾಲೆ ನಂಬಿಕೆ ಇಲ್ವೇನಮ್ಮಾ? ನಿಮ್ಮಪ್ಪಾರ ಮುಖ ನೋಡಿ ಕೊಡ್ತಿರೋದು."

ಅವಳಿಗೆ ನಾಚಿಕೆಯಾಯಿತು. ಅಳೆಯುತ್ತೇನೆ ಅಂದದ್ದಕ್ಕೆ ನಾಚಿಕೆ. ಹಿರಿಯರೆದುರು ಅನುಮಾನ ತೋರಿಸಿಬಿಟ್ಟೆ ಎಂದು ತಲೆ ತಗ್ಗಿಸಿ ಕನ್ನಡಕವನ್ನು ಚೀಲಕ್ಕೆ ಹಾಕಿಕೊಂಡಳು. ನನ್ನಂಥವರು ಬದುಕುವುದೇ ಆ ನಾಚಿಕೆಯ ಮೇಲೆ.

ರಿಪೇರಿಗೆ ಹೋದ ಮೀಟರಾಗಲಿ, ಕಾಲೇಜಿನ ಕನ್ನಡಕವಾಗಲಿ ಬರಲಿಲ್ಲ, ಆದರೂ ಕೆಲಸ ಚೆನ್ನಾಗಿಯೇ ನಡೆಯಿತು. ಅವಳು ಗಟ್ಟಿ ಮಾಡಿಕೊಟ್ಟ ಉಳಿಗಳನ್ನು ಪಾವಗಡದ ಕಲ್ಲುಕುಟಿಗ ನರಸಿಂಹಪ್ಪನಿಗೆ ನಾನೇ ಒಯ್ದು ಕೊಟ್ಟಿದ್ದೆ. ನಾಲ್ಕನೇ ದಿನ ಅವನು ಅಂಗಡಿಗೆ ಬಂದು, "ಏಮಯ್ಯಾ ಗಂಗಣ್ಣ, ಆಯಮ್ಮ ಉಳಿಗೆ ಏನ್ ಮಂತ್ರ ಹಾಕವ್ಳೆ? ಮೂರು ದಿನ ಆಯ್ತು, ಕುಲುಮೆ ಮಕ ನೋಡಿಲ್ಲ," ಅಂದ. ಆ ಮಾತನ್ನು ನಸೀಮಾಳಿಗೆ ಮುಟ್ಟಿಸಿದಾಗ ಅವಳು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. ಆಗ ಅವಳಿಗೆ ಎರಡು ಕಣ್ಣೂ ಇದ್ದವು.

ಯಂತ್ರ ತಣ್ಣಗಿಡುವ ನೀರಿನ ಪಂಪು ಕೆಟ್ಟಿತ್ತು. ಸರಿ ಮಾಡಿ ತೆಗೆದುಕೊಂಡು ಹೋದ ದಿನ ನಾನು ಕಾಲೇಜಿನಲ್ಲಿ ಯಂತ್ರವಿದ್ದ ಕೋಣೆಯಲ್ಲೇ ಇದ್ದೆ, ಪಂಪು ಓಡಿಸಿ, ಯಂತ್ರಕ್ಕೆ ಬೆನ್ನು ಮಾಡಿ ತೊಟ್ಟಿಕ್ಕುವ ಕೊಳವೆ ಬಿಗಿಯುತ್ತಿದ್ದೆ. ಅವಳು ಕಣ್ಣಿಗೆ ಕನ್ನಡಕ ಹಾಕಿಕೊಂಡು, ಉಳಿಯನ್ನು ಹಿಡಿಕೆಗೆ ಸಿಕ್ಕಿಸಿ ಕೆಲಸ ಶುರುಮಾಡಿದಳು. ಚಟ್. ಚಟ್. ಪ್ಲಾಸ್ಮಾದ ಸದ್ದು — ಉದ್ದಿನಕಾಯಿ ಒಡೆದಂತೆ. ಆಮೇಲೆ ಒಂದು ಚಟ್ ಆಯಿತು, ಅವಳು "ಯಾ ಅಲ್ಲಾ" ಅಂದಳು, ಅಷ್ಟೇ. ಉಳಿ ಹಿಡಿಕೆಯಲ್ಲಿ ಒಂದಿಷ್ಟು ಜಾರಿ, ಬಣ್ಣ ಬಳಿಯದ ಹೊಳಪು ಮೈ ಬೆಳಕಿಗೆ ತಿರುಗಿತ್ತು. ಕಾಣದ ಬೆಳಕು ಕಾಣದಂತೆಯೇ ಚಿಮ್ಮಿ ಬಂದಿತ್ತು.

"ಕಣ್ಣೊಳಗೇ ಚಟ್ ಅಂತು ಅಣ್ಣಾ... ಕೆಂಪಗೆ ಏನೋ ಇಳೀತೈತೆ."

ಅವಳು ಕಣ್ಣಿನಿಂದ ಕನ್ನಡಕ ಕಿತ್ತು ಮೇಜಿನ ಮೇಲಿಟ್ಟು, ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು. ನಾನು ಮೊದಲು ಏನು ಮಾಡಿದೆ ಗೊತ್ತೇ? ಅವಳನ್ನು ಹಿಡಿದುಕೊಳ್ಳಲಿಲ್ಲ. ಕನ್ನಡಕ ತೆಗೆದು ಜೇಬಿಗಿಟ್ಟೆ. ಆಮೇಲೆ ಯಂತ್ರ ಆರಿಸಿದೆ, ಆಮೇಲೆ ಅವಳ ತೋಳು ಹಿಡಿದೆ. ಈ ಕ್ರಮ ನನಗೆ ಇವತ್ತಿಗೂ ನೆನಪಿದೆ. ಕಾರಿನಲ್ಲಿ ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ಒಯ್ದವನು ನಾನೇ. ಎಂಥ ಮನುಷ್ಯ, ದೇವರು ಬಂದಂಗೆ ಬಂದ ಅಂದರು ಜನ. ಜೇಬಿನಲ್ಲಿ ಕನ್ನಡಕ ಎದೆಗೆ ಒತ್ತುತ್ತಿತ್ತು.

ಕಾಲೇಜಿನವರು ವಿಚಾರಣೆ ಮಾಡಿದರು. ಹಾಕಿಕೊಂಡಿದ್ದೆ ಅಂದಳು ಅವಳು. ಹಾಗಾದರೆ ಎಲ್ಲಿದೆ ಎಂದು ಕೇಳಿದರು. ಕೋಣೆಯಲ್ಲಿ ಸಿಗಲಿಲ್ಲ. ನನ್ನನ್ನು ಕರೆಸಿ ಕೇಳಿದರು: "ಅವರು ಕನ್ನಡಕ ಧರಿಸಿದ್ದನ್ನು ನೀವು ನೋಡಿದಿರಾ?"

"ನಾನು ಗಮನಿಸಲಿಲ್ಲ ಸಾರ್."

ಇಷ್ಟೇ. ಸುಳ್ಳು ಹೇಳಲಿಲ್ಲ, ಬೆನ್ನು ಮಾಡಿ ಕೂತಿದ್ದೆನಲ್ಲ — ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸಿನ ಜೊತೆಯೂ ಚೌಕಾಸಿ ಮಾಡುವವನು ನಾನು. 'ಸುರಕ್ಷಾ ಕನ್ನಡಕ ಧರಿಸಿರಲಿಲ್ಲ' ಎಂದು ಬರೆದು ವರದಿ ಮುಗಿಸಿದರು. ಯಂತ್ರವಿದ್ದ ಕೋಣೆಗೆ ಬೀಗ ಬಿತ್ತು. ಅವಳ ಸಂಶೋಧನೆ ಅಲ್ಲಿಗೆ ನಿಂತಿತು, ಪಾಠಕ್ಕೆ ಮಾತ್ರ ಇಟ್ಟುಕೊಂಡರು. ಒಂದೇ ಒಂದು ಸಲ ಅವಳು ಕೇಳಿದಳು, "ಗಂಗಣ್ಣ, ಆ ಕನ್ನಡಕ ಎಲ್ಲಿ ಹೋಯ್ತು?" ಗಲಾಟೆಯಲ್ಲಿ ಎಲ್ಲೋ ಬಿತ್ತೇನಮ್ಮ ಅಂದೆ. ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿದಳು. ಮತ್ತೆ ಕೇಳಲಿಲ್ಲ.

ಖಾದರ್ ಸಾಬರು ಮಾತ್ರ ಸಿಕ್ಕಾಗಲೆಲ್ಲ ಅದನ್ನೇ ಆಡುತ್ತಿದ್ದರು. "ಬೆಂಕಿ ಮುಂದೆ ಕೂರೋವಾಗ ಕಣ್ ಜ್ವಾಪಾನ ಅಂತ ಎಳೇದ್ರಿಂದ ಹೇಳ್ಕೊಟ್ಟೆ ಯಜಮಾನ್ರೇ. ಅಷ್ಟ್ ಓದಿ, ಒಂದ್ ಕನ್ನಡಕ ಹಾಕ್ಕಳಾಕೆ ಆಗ್ಲಿಲ್ವಾ? ಹಾಕ್ಕಂಡಿದ್ದೆ ಅಂತಾಳೆ. ಸುಳ್ ಹೇಳಾದೂ ಕಲ್ತ್‌ಬುಟ್ಲು." ಅವರ ಕುಲುಮೆಯೆದುರು ನಿಂತು ನಾನು ತಲೆಯಾಡಿಸಿದ್ದೇನೆ. ಅಯ್ಯೋ ಬುಡಿ ಸಾಬ್ರೇ, ವಯಸ್ಸು, ಅಂದಿದ್ದೇನೆ. ಒಂದು ಮಾತು — ಒಂದೇ ಮಾತು ಸಾಕಿತ್ತು. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಗಳು ಸುಳ್ಳುಗಾತಿ ಎಂದುಕೊಂಡೇ ಹೋದರು. ಅದನ್ನು ನಾನು ಯಾವ ಬೆಲೆಗೂ ವಾಪಸು ತರಲಾರೆ.

ವಾರ ಕಳೆದ ಮೇಲೆ ನಸೀಮಾಳನ್ನು ಮಾತಾಡಿಸಿಕೊಂಡು ಬರಲು ಹೋಗಿದ್ದೆ. ಆರಿದ ಕುಲುಮೆಯ ಪಕ್ಕದಲ್ಲೇ ಅವಳು ಕೂತಿದ್ದಳು. ತಣ್ಣಗಾದ ಬೂದಿ ಕೆದಕುತ್ತಾ ಅಂದಳು: "ಒಂದ್ ಮಾತು ಹೇಳ್ಲಾ ಗಂಗಣ್ಣ? ಈಗ ನನಗೇ ಗ್ಯಾರಂಟಿ ಇಲ್ಲ. ಹಾಕ್ಕೊಂಡಿದ್ನಾ, ಇಲ್ಲ ಹಣೆ ಮೇಲಕ್ಕೆ ಏರಿಸಿದ್ನಾ... ಎಲ್ಲಾರೂ ಹೇಳಿ ಹೇಳಿ, ಹಣೆ ಮೇಲಿದ್ದಂಗೇ ನೆನಪು ಬರತ್ತೆ. ಅಬ್ಬಾ ಹೇಳಿದ್ದೇ ನಿಜ ಇರ್ಬೋದು."

ಕಣ್ಣು ಹೋದದ್ದು ನನ್ನ ಮೋಸದಿಂದ. ಆದರೆ ಇದು — ಅವಳ ನೆನಪನ್ನೇ ನಾನು ಕದ್ದಿದ್ದೆ.

ಮಾರನೆಯ ದಿನ ಕನ್ನಡಕ ತೆಗೆದುಕೊಂಡು ಅವಳ ಕಾಲೇಜಿಗೆ ಹೋದೆ. ಒಂಬತ್ತು ವರ್ಷ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದೆ. ಯಾಕೆ ಬಿಸಾಡಲಿಲ್ಲ, ಗೊತ್ತಿಲ್ಲ. ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ — ಉಜ್ಜಿದ್ದು, ಅವಳು ಅದನ್ನು ಕಣ್ಣಿನಿಂದ ಕಿತ್ತಿಟ್ಟದ್ದನ್ನು ಕಂಡದ್ದು, ಜೇಬಿಗಿಟ್ಟದ್ದು, ಗಮನಿಸಲಿಲ್ಲ ಅಂದದ್ದು. ಅವಳು ಬಯ್ಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ಮಕ್ಕಳ ಪ್ರಯೋಗಾಲಯದ ಬಾಗಿಲು ತೆಗೆದಳು.

ಅಲ್ಲಿ ಅದೇ ಕಾಣದ ಬೆಳಕಿನ, ಆದರೆ ತೀರಾ ಕಡಿಮೆ ಶಕ್ತಿಯ ಲೇಸರ್ ಒಂದಿತ್ತು. ಬೀರುವಿನಿಂದ ಎರಡು ಹಸಿರು ಕನ್ನಡಕ ತೆಗೆದು, ಒಂದೊಂದರ ನಂಬರನ್ನೂ ಬಾಯಿಬಿಟ್ಟು ಓದಿದಳು. ಒಂದನ್ನು ತಾನು ಹಾಕಿಕೊಂಡು ಇನ್ನೊಂದನ್ನು ನನ್ನ ಕೈಗಿಟ್ಟಳು. "ಹಾಕ್ಕೊಳ್ಳಿ. ಹಾಕ್ಕೊಳ್ದೆ ಇಲ್ಲಿ ನಿಲ್ಲೋ ಹಾಗಿಲ್ಲ." ನನ್ನ ಕಣ್ಣು ಕಾಪಾಡಿದಳು.

ಬೆಳಕಿನ ಎದುರಿಗೆ ಮೀಟರು ಇಟ್ಟಳು. "ಓದಿ ಗಂಗಣ್ಣ."

"ನಲವತ್ತೆಂಟು."

ನಡುವೆ ನಾನು ಕೊಟ್ಟಿದ್ದ ಕನ್ನಡಕ ಹಿಡಿದಳು. "ಈಗ?"

"ನಲವತ್ತಮೂರು."

ಅದನ್ನು ತೆಗೆದು ಬೀರುವಿನ ಇನ್ನೊಂದು ಹಸಿರು ಕನ್ನಡಕ ಹಿಡಿದಳು. "ಈಗ?"

"ಸೊನ್ನೆ."

ಅವಳು ಲೇಸರ್ ಆರಿಸಿದಳು. ಹಳೆಯ ಕನ್ನಡಕವನ್ನು ಕೈಯಲ್ಲಿ ಹಿಡಿದು, ಉಜ್ಜಿದ ಗೀರುಗಳ ಮೇಲೆ ಹೆಬ್ಬೆರಳು ಆಡಿಸುತ್ತಾ ನಿಂತಳು. ಆಮೇಲೆ ನನಗಲ್ಲ, ಯಾರಿಗೋ ಹೇಳುವ ಹಾಗೆ ಅಂದಳು: "ಹಾಕ್ಕೊಂಡಿದ್ದೆ ಅಬ್ಬಾ. ನಾನು ಹಾಕ್ಕೊಂಡಿದ್ದೆ."

ನನ್ನಲ್ಲಿ ಮಾತು ತುಂಬಿಕೊಂಡಿತ್ತು. ಆಸ್ಪತ್ರೆ ಖರ್ಚು ಕೊಡುತ್ತೇನೆ, ಹೊಸ ಯಂತ್ರ ತಂದುಕೊಡುತ್ತೇನೆ, ನನಗೂ ಅಂದು ಗೊತ್ತಿರಲಿಲ್ಲ ತಾಯೀ — ಎಲ್ಲವನ್ನೂ ಒಟ್ಟಿಗೆ ಹೇಳಲು ಹೊರಟೆ. ಅವಳು ಒಂದು ಬಿಳಿ ಹಾಳೆ, ಪೆನ್ನು ಎದುರಿಗಿಟ್ಟಳು.

"ಆದದ್ದನ್ನ ಆದಂಗೆ ಬರೆದು ಸಹಿ ಹಾಕಿ. ಕೊಸರು ಬ್ಯಾಡ."

ಬರೆದುಕೊಟ್ಟೆ. ಹಾಳೆ ಕಾಲೇಜಿನ ಮೇಲಿನವರ ಕೈ ಸೇರಿದೆ. ಕನ್ನಡಕವೂ ಅವರ ಬಳಿಯೇ ಇದೆ. ನನ್ನ ಮೇಲೆ ಏನು ಕ್ರಮ ಬಂದರೂ ಚೌಕಾಸಿ ಮಾಡುವುದಿಲ್ಲ. ಅವಳು ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ.

ಬುದ್ಧಿ ಹೇಳುವ ಚಟ ನನಗೆ ಹೋಗಿಲ್ಲ, ಕೇಳಿ. ಲೇಸರ್ ಯಂತ್ರದ ಜೊತೆ ಕನ್ನಡಕ ಕೊಳ್ಳುವಾಗ ಯಂತ್ರದ ಮೇಲಿನ ನಂಬರೂ ಕನ್ನಡಕದ ನಂಬರೂ ಹೊಂದಬೇಕು. ದೊಡ್ಡದಿದ್ದರೆ ಇನ್ನೂ ಒಳ್ಳೆಯದು ಅನ್ನುವವನ ಮಾತು ಕೇಳಬೇಡಿ. ನಂಬರು ಅಳಿಸಿದ್ದರೆ, ಯಾಕೆ ಅಳಿಸಿತು ಎಂದು ಕೇಳುತ್ತಾ ನಿಲ್ಲದೆ ಅಲ್ಲೇ ಇಟ್ಟು ಎದ್ದು ಬನ್ನಿ. ಕಣ್ಣು, ಕೈ, ಉಸಿರು ಕಾಯುವ ವಸ್ತುವನ್ನು ಕೊಸರಿಗೆ ಕೇಳಬೇಡಿ, ಕೊಟ್ಟರೂ ತೆಗೆದುಕೊಳ್ಳಬೇಡಿ. ಮೀಟರು ರಿಪೇರಿಗೆ ಹೋಗಿದ್ದರೆ ಬರುವ ತನಕ ಕೆಲಸ ನಿಲ್ಲಲಿ. ಅಳೆದು ನೋಡುತ್ತೇನೆ ಅಂದಾಗ ಎದುರಿನವನು 'ನಂಬಿಕೆ ಇಲ್ವಾ' ಅಂದರೆ ನಾಚಿಕೊಳ್ಳಬೇಡಿ, ಇಲ್ಲ ಅನ್ನಿ. ಅಂದವನು ತಲೆ ನೆರೆತ ಹಿರಿಯನಾದರೂ, ನಿಮ್ಮಪ್ಪನ ಸ್ನೇಹಿತನಾದರೂ, ಮಧುಗಿರಿಯ ಗಂಗಣ್ಣನೇ ಆದರೂ — ಅಳೆದು ನೋಡಿ.