ನಡುಗುವ ಮುಳ್ಳು

ಭಾಗ್ಯನಗರದ ಮೇಸ್ತ್ರಿ ಟಿಪ್ಪುಸಾಬನ ಪಾಲಿಗೆ, ಬಿಚ್ಚಿ ಹೊಸದಾಗಿ ಕಟ್ಟಿದ ಕಾರಿನ ಎಂಜಿನ್ನೆಂದರೆ ಬಾಣಂತಿ. ಅದನ್ನು ಅವಸರದಲ್ಲಿ ಹೊರಗೆ ಕಳಿಸುವವನು ಮನುಷ್ಯನೇ ಅಲ್ಲ. ಎಂಜಿನ್ನು ಗಾಳಿ ಎಳೆದುಕೊಳ್ಳುವ ಕಡೆ, ಆ ಸೆಳೆತ ಅಳೆಯುವ ವ್ಯಾಕ್ಯೂಮ್ ಮೀಟರಿನ ಪೈಪು ಸಿಕ್ಕಿಸಿ, ಮೀಟರನ್ನು ಅಂಗೈಯಲ್ಲಿ ಹಿಡಿದು ನಿಂತನೆಂದರೆ ಎದುರಿನ ಗಿರಣಿ ಬಂದ್ ಆಗಬೇಕು, ಗಿರಾಕಿ ಕೆಮ್ಮಬಾರದು, ಬೀದಿನಾಯಿಗೂ ಮರ್ಯಾದೆ ಗೊತ್ತಿರಬೇಕು. ಮುಳ್ಳು ಅಲುಗದೆ ನಿಂತರಷ್ಟೇ ಗಾಡಿಗೆ ಬಿಡುಗಡೆ. ಈಚೆಗೆ ಯಾವ ಗಾಡಿಯ ಮುಳ್ಳೂ ನಿಲ್ಲುತ್ತಿಲ್ಲ. “ನಡಗಾಕತ್ತೈತ್ರಿ, ಎಲ್ಲೋ ಗಾಳಿ ಸೋರತೈತಿ, ನಾಳಿ ಬರ್ರಿ,” ಎನ್ನುತ್ತಾನೆ; ಗ್ಯಾಸ್ಕೆಟ್ ಬದಲಿಸುತ್ತಾನೆ, ವಾಲ್ವ್ ಮತ್ತೆ ಉಜ್ಜುತ್ತಾನೆ, ನಕಲಿ ಮಾಲು ಕೊಟ್ಟರೆಂದು ಅಂಗಡಿಯವರ ವಂಶವನ್ನೇ ಬೈಯುತ್ತಾನೆ. ಕಾದು ಬೇಸತ್ತ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಮೇಸ್ತ್ರಿಗಳ ಕಡೆ ಹೊರಳಿದ್ದಾರೆ. ಕುಷ್ಟಗಿಯ ಗೋಣೆಪ್ಪನ ಕಾರೊಂದೇ ಉಳಿದಿದೆ. ನಿನ್ನೆ ಚಹಾ ತಂದ ಹೆಂಡತಿ ಹಜರತಬೀಯ ಕೈಗೆ ಮೀಟರ್ ಕೊಟ್ಟು, ಸೋರುವ ಸದ್ದು ಹುಡುಕಲು ಎಂಜಿನ್ನಿನ ಮೇಲೆ ಬಗ್ಗಿ ಕಿವಿಗೊಟ್ಟ. ಅವಳ ಕೈಯಲ್ಲಿ ಮುಳ್ಳು ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತ್ತು. ಅವನು ಬಂದು ಮೀಟರ್ ತೆಗೆದುಕೊಂಡ. ಮುಳ್ಳು ಮತ್ತೆ ನಡುಗತೊಡಗಿತು. ಹಜರತಬೀ ಮುಳ್ಳನ್ನು ನೋಡುವುದು ಬಿಟ್ಟು, ಮೀಟರ್ ಹಿಡಿದ ಅವನ ಬೆರಳುಗಳನ್ನು ನೋಡಿದಳು. “ನೋಡಿದೇನ, ಹೆಂಗ ನಡಗತೈತಿ?” ಎಂದ. “ಹೂಂರಿ,” ಎಂದಳು, “ಗಾಳೀನ ಸೋರಾಕತ್ತಿರಬೇಕು.” ಇವತ್ತಿನ ಚಹಾ ದೊಡ್ಡ ಲೋಟದಲ್ಲಿ ಬಂತು, ಅರ್ಧಕ್ಕಷ್ಟೇ ತುಂಬಿ.